ಹನ್ನೆರಡು ಭಾನುವಾರಗಳ ಸಂಗೀತ ಚರಿತ್ರೆ: ಒಂದು ಆನ್‌ಲೈನ್ ತರಗತಿಯ ವಿಮರ್ಶೆ

ಮೊದಲ ಭಾನುವಾರ ತಂಬೂರಿ ಕೇಳಿಸಲಿಲ್ಲ. ಉಪನ್ಯಾಸಕಿ ತಂಬೂರಿಯನ್ನು ತೊಡೆಯ ಮೇಲಿಟ್ಟುಕೊಂಡು ಮೀಟುತ್ತಿರುವುದು ಪರದೆಯ ಮೇಲೆ ಚೆನ್ನಾಗಿ ಕಾಣುತ್ತಿತ್ತು, ಅವರ ಮಾತೂ ಸ್ಪಷ್ಟವಾಗಿತ್ತು. ಆದರೆ ನಾದ ಮಾತ್ರ ಒಂದೆರಡು ಕ್ಷಣ ಇಣುಕಿ, ಬಾವಿಗೆ ಬಿದ್ದ ಕೊಡದ ಸದ್ದಿನಂತೆ ಮುಳುಗಿಹೋಗುತ್ತಿತ್ತು. ಹತ್ತು ನಿಮಿಷ ಎಲ್ಲರೂ ತಮ್ಮ ತಮ್ಮ ಕಂಪ್ಯೂಟರನ್ನೇ ಶಂಕಿಸಿದ ಮೇಲೆ ತರಗತಿಯ ಒಬ್ಬ ತರುಣ ಕಾರಣ ತಿಳಿಸಿದ. ವಿಡಿಯೊ ಕರೆಯ ತಂತ್ರಾಂಶವು ಮನುಷ್ಯರ ಮಾತನ್ನು ಉಳಿಸಿಕೊಂಡು, ಏರಿಳಿತವಿಲ್ಲದೆ ಒಂದೇ ಸಮನೆ ಬರುವ ಸದ್ದನ್ನೆಲ್ಲ ಫ್ಯಾನಿನ ಗದ್ದಲವೆಂದು ಬಗೆದು ಅಳಿಸಿಹಾಕುತ್ತದೆ. ಅದರ ಪಾಲಿಗೆ ತಂಬೂರಿಯೂ ಒಂದು ಫ್ಯಾನೇ. ಸೆಟ್ಟಿಂಗಿನಲ್ಲಿ ಆ ಸೌಲಭ್ಯವನ್ನು ನಿಲ್ಲಿಸಿದ ಕೂಡಲೇ ನಾದ ತುಂಬಿಕೊಂಡಿತು. ಹಣ ಕಟ್ಟಿಸಿಕೊಂಡು ಸಂಗೀತ ಹೇಳಿಕೊಡುವ ಸಂಸ್ಥೆಯೊಂದು ಇಷ್ಟನ್ನು ಮೊದಲೇ ಪರೀಕ್ಷಿಸಿ ನೋಡಬೇಕಿತ್ತು ಎಂದು ಆಗ ನನಗೆ ಸಿಟ್ಟು ಬಂದಿತ್ತು. ಆದರೆ ಏಳನೆಯ ವಾರ ಉಪನ್ಯಾಸಕಿ ಈ ಪ್ರಸಂಗವನ್ನೇ ಪಾಠಕ್ಕೆ ಬಳಸಿಕೊಂಡ ರೀತಿಯನ್ನು ಕಂಡು ಸಿಟ್ಟು ಇಳಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಕರ್ನಾಟಕ ಸಂಗೀತದ ಚರಿತ್ರೆಯನ್ನು ‘ವೇದಕಾಲದಿಂದ ಇಂದಿನವರೆಗೆ’ ಕನ್ನಡದಲ್ಲಿ ಹೇಳಿಕೊಡುತ್ತೇವೆ ಎಂಬುದು ಈ ತರಗತಿಯ ಜಾಹೀರಾತು. ಹನ್ನೆರಡು ಭಾನುವಾರ, ಬೆಳಿಗ್ಗೆ 10ರಿಂದ 11.30ರವರೆಗೆ, ಶುಲ್ಕ ₹3,600, ವಿದ್ಯಾರ್ಥಿಗಳಿಗೆ ಅರ್ಧ. ಪಾಠ ಹೇಳಿದವರು ಮೈಸೂರಿನ ಕಡೆಯ ಒಬ್ಬ ವೈಣಿಕರು. ಕಲಿಯಲು ಬಂದವರು ಸುಮಾರು ಅರುವತ್ತು ಮಂದಿ: ವಿದ್ವತ್ ಪರೀಕ್ಷೆಗೆ ಕುಳಿತಿರುವ ಹುಡುಗಿಯರು, ನನ್ನಂತೆ ನಿವೃತ್ತಿಯ ನಂತರ ವೀಣೆಯ ಧೂಳು ಕೊಡವಿದವರು, ಮಸ್ಕತ್ತು ಮತ್ತು ನ್ಯೂಜೆರ್ಸಿಯಲ್ಲಿ ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುವ ಇಬ್ಬರು ಮೂವರು ತಾಯಂದಿರು. ಸಂಸ್ಥೆಯ ಹೆಸರನ್ನು ನಾನು ಬರೆಯುತ್ತಿಲ್ಲ. ಇಂಥ ತರಗತಿಗಳು ಈಗ ಹಲವು ನಡೆಯುತ್ತಿವೆ; ಯಾವುದಕ್ಕೇ ಸೇರುವವರಾದರೂ ಸೇರುವ ಮುನ್ನ ಏನನ್ನು ಕೇಳಿ ತಿಳಿದುಕೊಳ್ಳಬೇಕು ಎಂಬುದಕ್ಕೆ ಈ ಬರಹ ಒದಗಿದರೆ ಸಾಕು.

ನನ್ನ ಹಿನ್ನೆಲೆಯನ್ನೂ ಹೇಳಿಬಿಡುವುದು ನ್ಯಾಯ. ಐವತ್ತು ವರ್ಷದ ಹಿಂದೆ ಸಂಗೀತದ ಸೀನಿಯರ್ ಪರೀಕ್ಷೆಗೆ ನಾನು ಸಂಗೀತದ ಚರಿತ್ರೆಯನ್ನು ‘ಲಕ್ಷಣ’ ಎಂಬ ಹೆಸರಿನಲ್ಲಿ ಬಾಯಿಪಾಠ ಮಾಡಿದ್ದೆ. ಗ್ರಂಥದ ಹೆಸರು, ಕರ್ತೃವಿನ ಹೆಸರು, ಆಶ್ರಯದಾತನ ಹೆಸರು, ಅಧ್ಯಾಯಗಳ ಸಂಖ್ಯೆ, ಇಷ್ಟು ಬರೆದರೆ ಹತ್ತಕ್ಕೆ ಎಂಟು ಅಂಕ ಬರುತ್ತಿತ್ತು. ಆ ಗ್ರಂಥಗಳಿಗೂ ನನ್ನ ಬೆರಳಿನ ಕೆಳಗಿದ್ದ ವೀಣೆಗೂ ಏನು ಸಂಬಂಧವೆಂದು ನಮ್ಮ ಮೇಷ್ಟ್ರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೀಗಾಗಿ ಈ ತರಗತಿಯನ್ನು ನಾನು ಅಳೆದದ್ದು ಒಂದೇ ಕೋಲಿನಿಂದ: ಇದು ಗ್ರಂಥಗಳ ಚರಿತ್ರೆಯನ್ನು ಹೇಳುತ್ತದೆಯೋ ಅಥವಾ ಹಾಡಿದ, ನುಡಿಸಿದ ಸಂಗೀತದ ಚರಿತ್ರೆಯನ್ನು ಹೇಳುತ್ತದೆಯೋ? ಕೆಲವು ಭಾನುವಾರ ಮೊದಲನೆಯದು, ಕೆಲವು ಭಾನುವಾರ ಎರಡನೆಯದು. ಎರಡನೆಯ ಬಗೆಯ ಭಾನುವಾರಗಳಿಗಾಗಿ ನಾನು ಕೊಟ್ಟ ಹಣ ದಂಡವಾಗಲಿಲ್ಲ.

ಮೊದಲ ಎರಡು ವಾರ ಸಾಮವೇದದಲ್ಲೇ ಕಳೆದವು. ವೇದಪಠಣದ ಉದಾತ್ತ, ಅನುದಾತ್ತ, ಸ್ವರಿತ ಎಂಬ ಮೂರು ಸ್ವರಗಳಿಂದ ಏಳು ಸ್ವರಗಳು ಹುಟ್ಟಿದವು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ; ಅದನ್ನೇ ಮೂರು ಗಂಟೆ ಎಳೆಯಲಾಯಿತು. ಸಾಮಗಾನದ ಒಂದು ಧ್ವನಿಮುದ್ರಣವನ್ನು ಕೇಳಿಸಿ, ಅದರ ಸ್ವರಗಳು ಮೇಲಿನಿಂದ ಕೆಳಕ್ಕೆ ಇಳಿಯುವ ಬಗೆಯನ್ನು ತೋರಿಸಿದ ಹತ್ತು ನಿಮಿಷ ಬಿಟ್ಟರೆ ಉಳಿದುದೆಲ್ಲ ಸ್ತುತಿ. ಪ್ರಾಚೀನವಾದದ್ದೆಲ್ಲ ಬದಲಾಗದೆ ನಮ್ಮವರೆಗೆ ಬಂದಿದೆ ಎಂಬ ಧಾಟಿ ಆ ಎರಡು ವಾರ ಪೂರ್ತಿ ಇತ್ತು. ಅದೇ ಉಪನ್ಯಾಸಕಿಯೇ ಏಳನೆಯ ವಾರ ಆ ನಂಬಿಕೆಯನ್ನು ಬೇರುಸಹಿತ ಕಿತ್ತದ್ದನ್ನು ನೆನೆದರೆ, ಮೊದಲ ಎರಡು ಪಾಠಗಳ ಟಿಪ್ಪಣಿಯನ್ನು ಬೇರೆ ಯಾರೋ ಸಿದ್ಧಪಡಿಸಿಕೊಟ್ಟಿದ್ದಿರಬೇಕು ಎಂಬ ಅನುಮಾನ ನನಗೆ ಇಂದಿಗೂ ಇದೆ.

ಮೂರನೆಯ ವಾರ ಭರತನ ನಾಟ್ಯಶಾಸ್ತ್ರ. ಇಪ್ಪತ್ತೆರಡು ಶ್ರುತಿಗಳ, ಎಂದರೆ ಸ್ವರಗಳ ನಡುವಿನ ಸೂಕ್ಷ್ಮ ಅಂತರಗಳ, ಲೆಕ್ಕವನ್ನು ನಾನು ಹುಡುಗಿಯಾಗಿದ್ದಾಗ ಮಗ್ಗಿಯಂತೆ ಒಪ್ಪಿಸಿದ್ದೆ: ಸ, ಮ, ಪಗಳಿಗೆ ನಾಲ್ಕು ನಾಲ್ಕು, ರಿ, ಧಗಳಿಗೆ ಮೂರು ಮೂರು, ಗ, ನಿಗಳಿಗೆ ಎರಡೆರಡು. ಈ ಸಂಖ್ಯೆಗಳು ಆಕಾಶದಿಂದ ಇಳಿದವಲ್ಲ, ಒಂದು ಪ್ರಯೋಗದಿಂದ ಬಂದವು ಎಂಬುದನ್ನು ಅವರು ಎದುರಿಗೇ ಮಾಡಿ ತೋರಿಸಿದರು. ಭರತನ ಕಾಲದ ವೀಣೆಗೆ ತಂತಿಯನ್ನು ಒತ್ತಿ ನುಡಿಸುವ ಮೆಟ್ಟಿಲುಗಳಿರಲಿಲ್ಲ. ಅದು ಬಿಲ್ಲಿನಾಕಾರದ್ದು, ಒಂದೊಂದು ಸ್ವರಕ್ಕೆ ಒಂದೊಂದು ತಂತಿ. ಸಮುದ್ರಗುಪ್ತನ ಚಿನ್ನದ ನಾಣ್ಯದಲ್ಲಿ ಅರಸ ತೊಡೆಯ ಮೇಲಿಟ್ಟುಕೊಂಡಿರುವುದೂ, ಅಮರಾವತಿಯ ಶಿಲ್ಪಗಳಲ್ಲಿ ಕಾಣುವುದೂ ಇಂಥದೇ. ಅದಕ್ಕೆ ಬದಲಾಗಿ ಉಪನ್ಯಾಸಕಿ ಸ್ವರಮಂಡಲವೆಂಬ ಹಲವು ತಂತಿಗಳ ವಾದ್ಯ ಎರಡನ್ನು ಮುಂದಿಟ್ಟುಕೊಂಡು, ಎರಡನ್ನೂ ಒಂದೇ ತೆರನಾಗಿ ಶ್ರುತಿ ಮಾಡಿದರು. ಒಂದು ಧ್ರುವ, ಅಂದರೆ ಕದಲದ್ದು, ಇನ್ನೊಂದು ಚಲ. ಚಲವೀಣೆಯ ಪಂಚಮವನ್ನು (ಪ) ಒಂದು ಶ್ರುತಿ ತಗ್ಗಿಸಿ, ಉಳಿದ ತಂತಿಗಳನ್ನೂ ಅದಕ್ಕೆ ಹೊಂದುವಂತೆ ತಗ್ಗಿಸಿದ್ದು ಮೊದಲ ಹೆಜ್ಜೆ. ಮತ್ತೊಮ್ಮೆ ತಗ್ಗಿಸಿದಾಗ ಚಲವೀಣೆಯ ಗ, ನಿಗಳು ಧ್ರುವವೀಣೆಯ ರಿ, ಧಗಳಲ್ಲಿ ಕರಗಿಹೋದವು. ಮೂರನೆಯ ಬಾರಿ ರಿ, ಧಗಳು ಸ, ಪಗಳಲ್ಲಿ. ನಾಲ್ಕನೆಯ ಬಾರಿ ಸ, ಮ, ಪಗಳು ತಮ್ಮ ಕೆಳಗಿನ ನಿ, ಗ, ಮಗಳಲ್ಲಿ. ಎಷ್ಟನೆಯ ಬಾರಿಗೆ ಕರಗಿತೋ ಆ ಸ್ವರಕ್ಕೆ ಅಷ್ಟು ಶ್ರುತಿ; ಎಲ್ಲವನ್ನೂ ಕೂಡಿಸಿದರೆ ಇಪ್ಪತ್ತೆರಡು. ಎರಡು ತಂತಿಗಳು ಒಂದಾಗುವ ಆ ಕ್ಷಣದಲ್ಲಿ ಕಂಪನ ನಿಂತು ನಾದ ನೇರವಾಗುವುದು ನನ್ನ ಅಗ್ಗದ ಇಯರ್‌ಫೋನಿನಲ್ಲೂ ಕೇಳಿಸಿತು. ಅರ್ಧ ಶತಮಾನ ನಾನು ಹೊತ್ತುಕೊಂಡಿದ್ದ ಒಂದು ಒಣ ಲೆಕ್ಕಕ್ಕೆ ಆ ದಿನ ಕಿವಿ ಬಂತು.

ನಾಲ್ಕನೆಯ ವಾರ ಮತಂಗನ ಸಂಗೀತಗ್ರಂಥ ಬೃಹದ್ದೇಶಿ, ಪುದುಕೋಟೆ ಸೀಮೆಯ ಕುಡುಮಿಯಾಮಲೈ ಬಂಡೆಯ ಮೇಲೆ ಸುಮಾರು 7ನೆಯ ಶತಮಾನದಲ್ಲಿ ಕೆತ್ತಿದ ಸ್ವರಲಿಪಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ, ಅವನ ಮಗ ಜಗದೇಕಮಲ್ಲನ ಸಂಗೀತಚೂಡಾಮಣಿ, ಶಾರ್ಙ್ಗದೇವನ ಸಂಗೀತರತ್ನಾಕರ, ಇಷ್ಟನ್ನೂ ಒಂದೂವರೆ ಗಂಟೆಯಲ್ಲಿ ಮುಗಿಸಿದರು. ಸಾಮವೇದಕ್ಕೆ ಕೊಟ್ಟ ಎರಡು ವಾರಗಳಲ್ಲಿ ಒಂದನ್ನು ಇಲ್ಲಿಗೆ ಕೊಡಬಹುದಿತ್ತು. ಅದರಲ್ಲೂ ಮಾನಸೋಲ್ಲಾಸ ನಮ್ಮ ನೆಲದ್ದು. ಅರಸನೊಬ್ಬ ಅಡುಗೆ, ಬೇಟೆ, ಆನೆ, ಕುದುರೆಗಳ ಜೊತೆಗೆ ಗೀತ ಮತ್ತು ವಾದ್ಯಗಳನ್ನೂ ವಿನೋದಗಳ ಸಾಲಿನಲ್ಲಿ ಕೂರಿಸಿ, ತನ್ನ ಕಾಲದ ದೇಶಭಾಷೆಗಳ ಹಾಡುಗಳಿಗೂ ಜಾಗ ಮಾಡಿಕೊಟ್ಟ ಪುಸ್ತಕ. ಅದನ್ನು ಐದು ನಿಮಿಷದಲ್ಲಿ ದಾಟಿದ್ದು ನನಗೆ ಸರಿತೋರಲಿಲ್ಲ. ಶಾರ್ಙ್ಗದೇವನ ವಿಷಯದಲ್ಲಿ ಒಂದು ಮಾತು ಮಾತ್ರ ಮನಸ್ಸಿನಲ್ಲಿ ನಿಂತಿತು. ಕಾಶ್ಮೀರದಿಂದ ದಕ್ಷಿಣಕ್ಕೆ ಬಂದ ಮನೆತನದ ಈತ ದೇವಗಿರಿಯ ಯಾದವ ಅರಸ ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದ. ರತ್ನಾಕರದಲ್ಲಿ 264 ರಾಗಗಳನ್ನು ಒಂದೂ ಬಿಡದೆ ಪಟ್ಟಿ ಮಾಡಿರುವುದನ್ನು ನೋಡಿದರೆ ಅದು ಲೆಕ್ಕಿಗನ ಕೈಯೇ ಸರಿ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಡ್ಜರು ಬರೆದ ನನಗೆ ಆತನ ಮೇಲೆ ಇದ್ದಕ್ಕಿದ್ದಂತೆ ಸಲಿಗೆ ಹುಟ್ಟಿತು.

ವಿಜಯನಗರಕ್ಕೆ ಎರಡು ವಾರ. ಪುರಂದರದಾಸರ ಪಾಠದಲ್ಲಿ ಉಪನ್ಯಾಸಕಿ ತೋರಿದ ಎಚ್ಚರವನ್ನು ನಾನು ಮೆಚ್ಚುತ್ತೇನೆ. ದಾಸರ ಕಾಲವೆಂದು ರೂಢಿಯಲ್ಲಿರುವುದು 1484ರಿಂದ 1564. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆಯಿಂದ ಆರಂಭಿಸಿ ಅಲಂಕಾರ, ಮಲಹರಿ ರಾಗದ ಪಿಳ್ಳಾರಿ ಗೀತೆಗಳು ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವ ಕ್ರಮವನ್ನು ಸಂಪ್ರದಾಯ ಅವರ ಹೆಸರಿಗೆ ಸಲ್ಲಿಸಿದೆ. ಸಂಗೀತ ಪಿತಾಮಹರೆಂಬ ಬಿರುದೂ ಅದರಿಂದಲೇ ಬಂದದ್ದು. ಆದರೆ ಇಂದು ನಾವು ಕಛೇರಿಯಲ್ಲಿ ಕೇಳುವ ದೇವರನಾಮಗಳ ಧಾಟಿಗಳಲ್ಲಿ ಬಹುಪಾಲು ನಂತರದವರು ಕೂಡಿಸಿದವು. ಸಾಹಿತ್ಯ ಉಳಿಯಿತು, ಮಟ್ಟು ಉಳಿಯಲಿಲ್ಲ. ಇದನ್ನು ಹೇಳಿದಾಗ ಇಬ್ಬರು ಹಿರಿಯರು ನೊಂದುಕೊಂಡರು. ಉಪನ್ಯಾಸಕಿ ವಾದಕ್ಕಿಳಿಯಲಿಲ್ಲ. ಒಂದೇ ಪದವನ್ನು ಮೂವರು ಗಾಯಕರು ಮೂರು ರಾಗಗಳಲ್ಲಿ ಹಾಡಿದ ಧ್ವನಿಮುದ್ರಣಗಳನ್ನು ಒಂದಾದ ಮೇಲೊಂದರಂತೆ ಕೇಳಿಸಿ ಸುಮ್ಮನಾದರು.

ಅದೇ ವಾರ ಪುಂಡರೀಕ ವಿಠ್ಠಲನ ಪ್ರಸ್ತಾಪ ಬಂತು. ಶಿವಗಂಗೆಯ ಬೆಟ್ಟದ ಸೀಮೆಯ ಸಾತನೂರಿನಿಂದ ಹೊರಟ ಈ ಕನ್ನಡಿಗ 16ನೆಯ ಶತಮಾನದಲ್ಲಿ ಖಾನ್‌ದೇಶದ ಬುರ್‌ಹಾನ್‌ಪುರಕ್ಕೆ ಹೋಗಿ ಸದ್ರಾಗಚಂದ್ರೋದಯ ಬರೆದ; ಮುಂದೆ ಅಕ್ಬರನ ಕಾಲದ ಕಛವಾಹ ರಜಪೂತರ ಆಶ್ರಯದಲ್ಲಿ ರಾಗಮಂಜರಿ ಬರೆದ; ದಕ್ಷಿಣದ ಮೇಳಗಳ, ಅಂದರೆ ರಾಗವರ್ಗಗಳ, ಲೆಕ್ಕವನ್ನು ಉತ್ತರದ ರಾಗಗಳಿಗೆ ಹೊಂದಿಸಿದ; ಪಾರಸಿ ರಾಗಗಳಿಗೆ ಹತ್ತಿರವಾದ ನಮ್ಮ ರಾಗಗಳು ಯಾವುವೆಂದು ಗುರುತಿಸಿದ. ಹಿಂದೂಸ್ತಾನಿ, ಕರ್ನಾಟಕ ಎಂದು ನಾವು ಎಳೆದುಕೊಂಡಿರುವ ಗೆರೆಯನ್ನು ಈತ ಎತ್ತಿನ ಗಾಡಿಯಲ್ಲೋ ಕುದುರೆಯ ಮೇಲೋ ದಾಟಿದ್ದಾನೆ. ಬೆಂಗಳೂರಿನಿಂದ ಒಂದು ಗಂಟೆಯ ದಾರಿಯಲ್ಲಿ ಹುಟ್ಟಿದ ಇಂಥವನ ಹೆಸರನ್ನು ನಮ್ಮ ಸಂಗೀತ ಸಭೆಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಏಳನೆಯ ವಾರದ ಪಾಠ ಇಡೀ ತರಗತಿಯ ಜೀವಾಳ. ಅದರ ಶೀರ್ಷಿಕೆ ‘ವೆಂಕಟಮಖಿ ಮತ್ತು 72 ಮೇಳಗಳು’ ಎಂದಿತ್ತಾದರೂ ಉಪನ್ಯಾಸಕಿ ಆರಂಭಿಸಿದ್ದು ಒಂದು ಮುರುಕು ವೀಣೆಯಿಂದ. ಮೇಣ ಕಿತ್ತು, ಮೆಟ್ಟಿಲುಗಳನ್ನೆಲ್ಲ ತೆಗೆದುಹಾಕಿದ ಬರೀ ದಂಡಿ ಅದು. ವೀಣೆ ನುಡಿಸುವವರಿಗೆಲ್ಲ ಗೊತ್ತು, ಮೆಟ್ಟಿಲು ಕೂರಿಸುವ ಕೆಲಸಕ್ಕೆ ನಾವು ಇಂದಿಗೂ ‘ಮೇಳ ಕಟ್ಟುವುದು’ ಎನ್ನುತ್ತೇವೆ. ರಾಗಗಳ ವರ್ಗಕ್ಕೂ ಮೇಳವೆಂದೇ ಹೆಸರು. ಈ ಎರಡು ಮೇಳಗಳೂ ನೆಂಟರು ಎಂಬುದನ್ನು ಅವರು ಮೇಣವನ್ನು ಬೆಚ್ಚಗೆ ಮಾಡಿ, ಒಂದೊಂದೇ ಮೆಟ್ಟಿಲನ್ನು ಕೂರಿಸುತ್ತ ವಿವರಿಸಿದರು.

ಅಳಿಯ ರಾಮರಾಯನಿಗಾಗಿ ರಾಮಾಮಾತ್ಯ 1550ರಲ್ಲಿ ಬರೆದ ಸ್ವರಮೇಳಕಲಾನಿಧಿಯಲ್ಲಿ ಎರಡು ಬಗೆಯ ವೀಣೆಗಳ ಮಾತಿದೆ. ಒಂದು ಏಕರಾಗಮೇಳ ವೀಣೆ: ನುಡಿಸುವ ರಾಗಕ್ಕೆ ಬೇಕಾದಷ್ಟೇ ಮೆಟ್ಟಿಲು, ರಾಗ ಬದಲಾದರೆ ಮೆಟ್ಟಿಲನ್ನೂ ಸರಿಸಬೇಕು. ಇನ್ನೊಂದು ಸರ್ವರಾಗಮೇಳ ವೀಣೆ: ಒಮ್ಮೆ ಕೂರಿಸಿದರೆ ಎಲ್ಲ ರಾಗಕ್ಕೂ ಅದೇ. ಮುಂದೆ ಈ ಎರಡನೆಯದೇ ಗೆದ್ದಿತು. ಒಂದು ಸ್ಥಾಯಿಗೆ, ಅಂದರೆ ಒಂದು ಸದಿಂದ ಮೇಲಿನ ಸದವರೆಗೆ, ಹನ್ನೆರಡರಂತೆ ಇಪ್ಪತ್ತನಾಲ್ಕು ಮೆಟ್ಟಿಲುಗಳು ಮೇಣದಲ್ಲಿ ಭದ್ರವಾಗಿ ಕುಳಿತವು. ಇದನ್ನು ಸಂಪ್ರದಾಯ ತಂಜಾವೂರಿನ ರಘುನಾಥ ನಾಯಕನ ಹೆಸರಿಗೆ ಜೋಡಿಸುತ್ತದೆ. ಅವನ ಮಂತ್ರಿ ಗೋವಿಂದ ದೀಕ್ಷಿತರು ಕನ್ನಡಿಗರು. ವೆಂಕಟಮಖಿ ಅವರ ಮಗ. ಮಗ ಚತುರ್ದಂಡೀಪ್ರಕಾಶಿಕೆಯಲ್ಲಿ ಮಾಡಿದ 72ರ ಲೆಕ್ಕ ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಕೋಷ್ಟಕಕ್ಕಿಂತ ಎಷ್ಟೋ ಸರಳವಾದದ್ದು. ಷಡ್ಜಕ್ಕೂ (ಸ) ಶುದ್ಧ ಮಧ್ಯಮಕ್ಕೂ (ಮ) ನಡುವೆ ನಾಲ್ಕು ಮೆಟ್ಟಿಲುಗಳಿವೆ. ಅವುಗಳಲ್ಲಿ ಎರಡನ್ನು ರಿಷಭ, ಗಾಂಧಾರಗಳಿಗೆಂದು ಆರಿಸಿಕೊಳ್ಳಲು ಇರುವ ದಾರಿಗಳು ಆರು. ಪಂಚಮದ ಮೇಲೆ ಧೈವತ, ನಿಷಾದಗಳಿಗೂ ಹಾಗೆಯೇ ಆರು. ಆರು ಆರಲಿ ಮೂವತ್ತಾರು. ಮಧ್ಯಮ ಎರಡು ಬಗೆಯದಾದ್ದರಿಂದ ಎಪ್ಪತ್ತೆರಡು. ಇದನ್ನು ಹೆಚ್ಚಿಸಲೂ ತಗ್ಗಿಸಲೂ ಹಣೆಗಣ್ಣನಿಗೂ ಆಗದು ಎಂದು ವೆಂಕಟಮಖಿ ಎದೆ ತಟ್ಟಿಕೊಂಡಿದ್ದಾನೆ. ತಟ್ಟಿಕೊಳ್ಳಲಿ, ಆದರೆ ಆ ಎಪ್ಪತ್ತೆರಡರಲ್ಲಿ ಆಗ ಬಳಕೆಯಲ್ಲಿದ್ದ ಮೇಳಗಳು ಹತ್ತೊಂಬತ್ತೇ ಎಂಬುದನ್ನೂ ಅವನೇ ಹೇಳಿದ್ದಾನೆ. ಉಳಿದ ಐವತ್ತಮೂರು ಹಾಡುವವರಿಲ್ಲದ ಖಾಲಿ ಮನೆಗಳು. ಕಟ್ಟಡ ಮೊದಲು ಎದ್ದಿತು, ಒಕ್ಕಲು ಆಮೇಲೆ ಬಂತು.

ಇಲ್ಲಿಂದ ಅವರು ತಂಬೂರಿಗೆ ಬಂದರು. ಭರತನಲ್ಲಿ ತಂಬೂರಿ ಇಲ್ಲ. ಅವನ ಪದ್ಧತಿಯಲ್ಲಿ ಏಳು ಸ್ವರಗಳ ಸಾಲಿನಲ್ಲಿ ಯಾವ ಸ್ವರದಿಂದ ಬೇಕಾದರೂ ಹೊರಟು ಒಂದೊಂದು ಮೂರ್ಛನೆಯನ್ನು ಪಡೆಯಬಹುದಿತ್ತು. ಆರಂಭದ ಸ್ವರ ಸರಿದಂತೆ ಇಡೀ ಸಾಲಿನ ಬಣ್ಣವೇ ಬದಲಾಗುತ್ತಿತ್ತು. ಹಿಂದಿನಿಂದ ಒಂದೇ ಷಡ್ಜ ಬಿಡದೆ ಮೊಳಗತೊಡಗಿದಾಗ ಈ ಸರಿದಾಟಕ್ಕೆ ಎಡೆಯಿಲ್ಲವಾಯಿತು. ಪ್ರತಿಯೊಂದು ಸ್ವರವೂ ಆ ಒಂದು ಷಡ್ಜದಿಂದ ಎಷ್ಟು ದೂರ ಎಂಬುದೇ ಅದರ ಹೆಸರಾಯಿತು. ಗ್ರಾಮವೆಂಬ ಹಳೆಯ ಸ್ವರಸಾಲುಗಳೂ ಮೂರ್ಛನೆಗಳೂ ಪುಸ್ತಕದಲ್ಲಿ ಉಳಿದವು, ಮೇಳ ಕೈಗೆ ಬಂತು. ಇಷ್ಟು ಹೇಳಿ, ಉಪನ್ಯಾಸಕಿ ಮೊದಲ ವಾರ ನಮ್ಮನ್ನು ಕಾಡಿದ ಆ ಸೌಲಭ್ಯವನ್ನು ಬೇಕೆಂದೇ ಮತ್ತೆ ಹಾಕಿದರು. ತಂಬೂರಿ ಮುಳುಗಿತು. ಅವರು ತೋಡಿ ರಾಗ ಹಾಡಿದರು. ಸ್ವರಗಳೆಲ್ಲ ಸರಿಯಾಗಿಯೇ ಬರುತ್ತಿದ್ದವು. ಆದರೆ ಗಾಂಧಾರದ ಓಲಾಟ ಎಲ್ಲಿಂದ ಹೊರಟು ಎಲ್ಲಿಗೆ ತಾಗುತ್ತಿದೆ ಎಂಬುದು ಕಿವಿಗೆ ಸಿಗದೆ ತೇಲುತ್ತಿತ್ತು. ಮತ್ತೆ ತಂಬೂರಿ ಬಂದಾಗ ಅದೇ ಗಾಂಧಾರಕ್ಕೆ ಊರು ಸಿಕ್ಕಿತು. ಈ ಒಂದು ಪಾಠಕ್ಕೆ ₹3,600 ಕೊಟ್ಟಿದ್ದರೂ ನಾನು ಗೊಣಗುತ್ತಿರಲಿಲ್ಲ.

ಎಂಟು ಮತ್ತು ಒಂಬತ್ತನೆಯ ವಾರಗಳು ತಿರುವಾರೂರಿನ ತ್ರಿಮೂರ್ತಿಗಳಿಗೆ ಮೀಸಲಾಗಿದ್ದವು. ಶ್ಯಾಮಾಶಾಸ್ತ್ರಿ, ತ್ಯಾಗರಾಜ, ಮುತ್ತುಸ್ವಾಮಿ ದೀಕ್ಷಿತರ ಜೀವನದ ಪವಾಡಗಳನ್ನು ನಾವೆಲ್ಲ ಬಲ್ಲೆವು. ಇಲ್ಲಿಯೂ ಅವೇ ಬಂದವು. ಖರಹರಪ್ರಿಯದಂಥ ರಾಗಕ್ಕೆ ಇಂದಿನ ಮೈಕಟ್ಟು ಒದಗಿದ್ದು ತ್ಯಾಗರಾಜರ ಕೃತಿಗಳಿಂದ, ಎಂದರೆ ವೆಂಕಟಮಖಿಯ ಖಾಲಿ ಮನೆಗಳಿಗೆ ಒಕ್ಕಲು ಬಂದದ್ದು ಹೀಗೆ, ಎಂದು ಏಳನೆಯ ವಾರದ ಎಳೆಯನ್ನು ಮುಂದುವರಿಸಬಹುದಿತ್ತು. ಒಂದು ವಾಕ್ಯದಲ್ಲಿ ಸೂಚಿಸಿ ಬಿಟ್ಟರು. ಪಿಟೀಲಿನ ಭಾಗ ಚೆನ್ನಾಗಿತ್ತು. ದೀಕ್ಷಿತರ ತಮ್ಮ ಬಾಲುಸ್ವಾಮಿ ಪಾಶ್ಚಾತ್ಯ ವಾದ್ಯವನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದ್ದು, ಮೆಟ್ಟಿಲೇ ಇಲ್ಲದ ಆ ವಾದ್ಯದ ಮೇಲೆ ಬೆರಳು ಜಾರುವುದರಿಂದ ಸ್ವರವನ್ನು ಓಲಾಡಿಸುವ ಗಮಕಕ್ಕೆ ಅದು ಹೇಳಿ ಮಾಡಿಸಿದಂತೆ ಒದಗಿದ್ದು, ಕೂತು ನುಡಿಸುವ ಭಂಗಿಗಾಗಿ ಪಿಟೀಲಿನ ತಲೆ ಪಾದದ ಮೇಲೆ ಬಂದು ಕುಳಿತದ್ದು, ಇವನ್ನೆಲ್ಲ ಬಿಡಿಸಿ ತೋರಿಸಿದರು.

ಮೈಸೂರಿಗೆ ಹತ್ತನೆಯ ವಾರ. ತವರಿನ ಕಥೆ ಹೇಳುವಾಗ ಯಾರಿಗಾದರೂ ಮಾತು ಹರಿಯುತ್ತದೆ. ವೀಣೆ ಶೇಷಣ್ಣನವರು, ಬಿಡಾರಂ ಕೃಷ್ಣಪ್ಪನವರು, ವಾಸುದೇವಾಚಾರ್ಯರು, ಧ್ವನಿವರ್ಧಕ ಇಲ್ಲದ ದೊಡ್ಡ ಸಭೆಗಳಲ್ಲಿ ಹಿಂದಿನ ಸಾಲಿಗೂ ಕೇಳಿಸಬೇಕೆಂದು ಏಳು ತಂತಿಯ ಪಿಟೀಲು ಮಾಡಿಸಿಕೊಂಡ ಚೌಡಯ್ಯನವರು, ಎಲ್ಲರೂ ಬಂದರು. 94 ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರು ರಷ್ಯದ ಮೆಡ್ನರ್ ಎಂಬ ಸಂಗೀತಗಾರನ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಹಣ ಒದಗಿಸಿದ ಸಂಗತಿ ನ್ಯೂಜೆರ್ಸಿಯ ತಾಯಿಗೆ ಎಷ್ಟು ಹಿಡಿಸಿತೆಂದರೆ, ಆಕೆ ಅದೇ ದಿನ ಆ ಧ್ವನಿಮುದ್ರಣವನ್ನು ಹುಡುಕಿ ನಮಗೆಲ್ಲ ಕಳುಹಿಸಿದರು. ಕಥೆಗಳು ರುಚಿಯಾಗಿದ್ದವು, ನಿಜ. ಆದರೆ ಮೈಸೂರು ಶೈಲಿಯ ವೀಣೆಯಲ್ಲಿ ಮೀಟಿನ ರೀತಿ ತಂಜಾವೂರಿನವರದಕ್ಕಿಂತ ಹೇಗೆ ಬೇರೆ ಎಂಬುದನ್ನು ನುಡಿಸಿ ತೋರಿಸಬಲ್ಲವರೇ ಎದುರಿಗೆ ಕುಳಿತಿರುವಾಗ, ಅರಮನೆಯ ಪ್ರಸಂಗಗಳಲ್ಲೇ ಗಂಟೆ ಮುಗಿದದ್ದು ನನಗೆ ನಷ್ಟವೆನಿಸಿತು.

ಹನ್ನೊಂದನೆಯ ವಾರದ ಬಗ್ಗೆ ನನ್ನ ತಕರಾರು ದೊಡ್ಡದು. ಉತ್ತರ ಕರ್ನಾಟಕದ ಹಿಂದೂಸ್ತಾನಿ ಸಂಗೀತಕ್ಕೆ ಸಿಕ್ಕಿದ್ದು ಕಡೆಯ ಮೂವತ್ತು ನಿಮಿಷ. ಅಬ್ದುಲ್ ಕರೀಂ ಖಾನರು ಮೈಸೂರಿನ ಆಸ್ಥಾನಕ್ಕೆ ಬಂದು ಹೋಗುವ ದಾರಿಯಲ್ಲಿ ಧಾರವಾಡದಲ್ಲಿ ತಂಗಿದ್ದು, ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಅವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದ ಗಂಗೂಬಾಯಿ ಹಾನಗಲ್ಲರು, ಗದುಗಿನಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು, ಜೈಪುರ ಘರಾಣೆಯನ್ನು ಮೈಗೂಡಿಸಿಕೊಂಡ ಮಲ್ಲಿಕಾರ್ಜುನ ಮನ್ಸೂರರು, ಅಂಧ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ಇವರೆಲ್ಲರ ಭಾವಚಿತ್ರಗಳು ಮದುವೆಯ ಆಲ್ಬಮಿನಂತೆ ಸರಿದುಹೋದವು. ಕನ್ನಡದಲ್ಲಿ, ಕನ್ನಡಿಗರಿಗಾಗಿ ಸಂಗೀತದ ಚರಿತ್ರೆ ಹೇಳುತ್ತೇವೆನ್ನುವವರು ಅರ್ಧ ರಾಜ್ಯವನ್ನು ಅರ್ಧ ಗಂಟೆಗೆ ಮುಗಿಸಬಾರದು. ಧಾರವಾಡದ ಸಹಪಾಠಿಯೊಬ್ಬರು ‘ನಮ್ಮ ಕಡೀದು ಇಷ್ಟ ಏನ್ರಿ ಮೇಡಂ?’ ಎಂದು ಕೇಳಿದಾಗ ಉಪನ್ಯಾಸಕಿ ತಾವು ಆ ಪದ್ಧತಿಯಲ್ಲಿ ಕಲಿತವರಲ್ಲವೆಂದು ಒಪ್ಪಿಕೊಂಡರು. ಪ್ರಾಮಾಣಿಕ ಉತ್ತರ, ಆದರೆ ಒಂದು ವಾರದ ಮಟ್ಟಿಗೆ ಬಲ್ಲವರೊಬ್ಬರನ್ನು ಕರೆಸುವುದು ಸಂಸ್ಥೆಯ ಕರ್ತವ್ಯವಾಗಿತ್ತು.

ಕಡೆಯ ವಾರ ಗ್ರಾಮಫೋನು, ರೇಡಿಯೊ, ಮೈಕು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ತುತ್ತೂರಿಯಂಥ ಕೊಳವೆಯ ಎದುರು ಕುಳಿತು ಹಾಡಿದರು. ತಟ್ಟೆಯ ಒಂದು ಮುಖಕ್ಕೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷದ ಸಂಗೀತ. ರಾತ್ರಿಯಿಡೀ ಹಾಡುತ್ತಿದ್ದವರು ರಾಗದ ಸಾರವನ್ನು ಮೂರು ನಿಮಿಷಕ್ಕೆ ಬಟ್ಟಿ ಇಳಿಸಬೇಕಾಯಿತು. ಮುಂದಿನ ತಲೆಮಾರು ಆ ಬಟ್ಟಿಯನ್ನೇ ಕೇಳಿ ಕಲಿಯಿತು. ಈ ಗೌಹರ್ ಜಾನ್ ಕಡೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಐದೇ ವರ್ಷದ ಮೇಲೆ, 1935ರಲ್ಲಿ, ಅದೇ ಊರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿ ಅದನ್ನು ಆಕಾಶವಾಣಿ ಎಂದು ಕರೆದರು. ಮೈಕು ಬಂದಮೇಲೆ ಎತ್ತಿದ ಕಂಠದ ಅಗತ್ಯ ತಪ್ಪಿ, ಮೆಲುದನಿಯ ಗಮಕಗಳು ಕಡೆಯ ಸಾಲಿಗೂ ತಲುಪುವಂತಾಯಿತು. ಕಂಠಗಳ ಶ್ರುತಿಯೇ ಇಳಿಯಿತು. 1979ರಲ್ಲಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಬಂದದ್ದನ್ನೂ ಅವರು ಮರೆಯಲಿಲ್ಲ.

ಇಷ್ಟೆಲ್ಲ ಆದ ಮೇಲೆಯೂ ಹೆಂಗಸರ ಚರಿತ್ರೆ ಬಿಟ್ಟುಹೋಯಿತು. ಗೌಹರ್ ಜಾನ್, ಗಂಗೂಬಾಯಿ ಬಿಡಿ ಹೆಸರುಗಳಾಗಿ ಬಂದರೇ ವಿನಾ, ದೇವಾಲಯಕ್ಕೂ ಆಸ್ಥಾನಕ್ಕೂ ಸೇರಿದ್ದ ಗಾಯಕಿಯರ, ನರ್ತಕಿಯರ ಮನೆತನಗಳು ಪದ, ಜಾವಳಿ ಎಂಬ ಶೃಂಗಾರದ ಹಾಡುಗಳನ್ನು ತಲೆಮಾರುಗಳ ಕಾಲ ಕಾಪಾಡಿದ್ದು ಪಾಠದ ವಸ್ತುವಾಗಲೇ ಇಲ್ಲ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರು ತಿರುವಯ್ಯಾರಿನಲ್ಲಿ ಹಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ಸ್ವಂತ ದುಡಿಮೆಯಿಂದ ಗುಡಿ ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಅವಕಾಶವಿಲ್ಲದಿದ್ದಾಗ ಅದಕ್ಕಾಗಿ ಹೋರಾಡಿದರು. ತ್ಯಾಗರಾಜರಿಗೆ ಒಂದು ವಾರವನ್ನೇ ಕೊಟ್ಟ ತರಗತಿ ಈಕೆಗೆ ಒಂದು ನಿಮಿಷವನ್ನೂ ಕೊಡಲಿಲ್ಲ. ವಾಲಗದವರು, ತತ್ತ್ವಪದದವರು, ತಂಬೂರಿ ಮೀಟುತ್ತ ಊರೂರು ತಿರುಗುವ ನೀಲಗಾರರು, ಇವರೂ ಬರಲಿಲ್ಲ. ಬರೆದಿಟ್ಟ ಗ್ರಂಥ ಇರುವಲ್ಲಿ, ಇಲ್ಲವೇ ಕೈಗೆ ಸಿಗುವ ವಾದ್ಯ ಇರುವಲ್ಲಿ ಈ ತರಗತಿಗೆ ಬಾಯಿ ಬರುತ್ತದೆ. ಎರಡೂ ಇಲ್ಲದೆ ಬರೀ ಗಂಟಲಿನಲ್ಲಿ ಉಳಿದುಬಂದದ್ದರ ಮುಂದೆ ಅದು ಮೌನ.

ಸೌಲಭ್ಯಗಳ ವಿಷಯ. ಪ್ರತಿ ಪಾಠದ ವಿಡಿಯೊ ಮೂವತ್ತು ದಿನ ಮಾತ್ರ ಲಭ್ಯ. ಮತ್ತೆ ಮತ್ತೆ ಕೇಳಿ ಅರಗಿಸಿಕೊಳ್ಳಬೇಕಾದ ವಿಷಯಕ್ಕೆ ಇದು ಸಾಲದು. ಪಾಠದ ಟಿಪ್ಪಣಿಗಳನ್ನು ಪಿಡಿಎಫ್ ರೂಪದಲ್ಲಿ ಕೊಡುತ್ತಾರೆ. ಅದರಲ್ಲಿ ಸ್ವರಮೇಳಕಲಾನಿಧಿಯ ವರ್ಷ ಒಂದು ಪುಟದಲ್ಲಿ 1550, ಇನ್ನೊಂದರಲ್ಲಿ 1505 ಎಂದಿತ್ತು. ತಿಳಿಸಿದ ಮೇಲೆ ತಿದ್ದಿದರು, ಆದರೆ ತಿದ್ದಿದ ಪ್ರತಿ ಬರಲು ಮೂರು ವಾರ ಹಿಡಿಯಿತು. ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆಗಳಿಗೆ ಉಪನ್ಯಾಸಕಿ ತಾವೇ ಉತ್ತರಿಸುತ್ತಿದ್ದರು, ಕೆಲವೊಮ್ಮೆ ರಾತ್ರಿ ಹನ್ನೊಂದಕ್ಕೆ ವೀಣೆ ನುಡಿಸಿ ಧ್ವನಿಸಂದೇಶ ಕಳುಹಿಸುತ್ತಿದ್ದರು; ಆ ಸಂದೇಶಗಳು ಶುಭೋದಯದ ಹೂವುಗಳ ನಡುವೆ ಕಳೆದುಹೋಗದಂತೆ ಯಾರಾದರೂ ನೋಡಿಕೊಳ್ಳಬೇಕಿತ್ತು. ಕೊನೆಯಲ್ಲಿ ಕೊಡುವ ಪ್ರಮಾಣಪತ್ರವನ್ನು ಗೋಡೆಗೆ ಹಾಕಿಕೊಳ್ಳಬಹುದು, ಅಷ್ಟೇ.

ಸೀನಿಯರ್, ವಿದ್ವತ್ ಪರೀಕ್ಷೆಗಳಿಗೆ ಓದುತ್ತಿರುವವರು, ಅದರಲ್ಲೂ ಯಾವುದಾದರೊಂದು ವಾದ್ಯವನ್ನು ಕೈಯಲ್ಲಿ ಹಿಡಿದವರು, ಇದಕ್ಕೆ ಸೇರಬಹುದು. ಹಾಡು ಕೇಳಿ ಸಂತೋಷಪಡುವ ಸಾಮಾನ್ಯ ರಸಿಕರಿಗೆ ಮೊದಲ ಎರಡು ವಾರ ಮತ್ತು ಮೇಳಗಳ ಲೆಕ್ಕ ಭಾರವಾದೀತು. ಹಿಂದೂಸ್ತಾನಿ ಸಂಗೀತಕ್ಕಾಗಿ ಬರುವವರಿಗೆ ಇಲ್ಲಿ ಏನೂ ಸಿಗದು. ಸೇರುವವರು ಒಳ್ಳೆಯ ಇಯರ್‌ಫೋನ್ ಇಟ್ಟುಕೊಳ್ಳಿ, ಗದ್ದಲ ಅಳಿಸುವ ಸೌಲಭ್ಯವನ್ನು ಉಪನ್ಯಾಸಕಿ ನಿಲ್ಲಿಸಿದ್ದಾರೆಯೇ ಎಂದು ಮೊದಲ ದಿನವೇ ಕೇಳಿ, ಮೂರನೆಯ ಮತ್ತು ಏಳನೆಯ ವಾರ ಯಾವ ಮದುವೆ ಮುಂಜಿಗೂ ಹೋಗಬೇಡಿ. ಮುಂದಿನ ತಂಡ ದಸರೆಯ ನಂತರ ಆರಂಭವಾಗುತ್ತದಂತೆ. ಅದರಲ್ಲಿ ಸಾಮವೇದವನ್ನು ಒಂದು ವಾರಕ್ಕೆ ಇಳಿಸಿ, ಉಳಿದ ವಾರವನ್ನು ಧಾರವಾಡದವರೊಬ್ಬರಿಗೆ ಕೊಡುವ ಆಲೋಚನೆಯಿದೆ ಎಂದು ಸಂಸ್ಥೆಯವರು ನನ್ನ ಪತ್ರಕ್ಕೆ ಉತ್ತರ ಬರೆದಿದ್ದಾರೆ. ನಾಗರತ್ನಮ್ಮನವರ ಬಗ್ಗೆ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.